ಸರಕಿನ ಹಡಗಿನಲ್ಲಿ ಹಜ್ಜ್: ಒಂದು ಸೂಜಿಯ ಹಿಂದಿನ ಕಥೆ

ಹಜ್ಜ್‌ಗೆ ಹೆಸರು ಬಂದ ಮನೆಯಲ್ಲಿ ಸಂಭ್ರಮವೋ ಸಂಭ್ರಮ. ನೆಂಟರು ಬರುತ್ತಾರೆ, ದುಆ ಮಾಡಿ ಎನ್ನುತ್ತಾರೆ, ಇಹ್ರಾಮಿನ ಬಟ್ಟೆ ಬರುತ್ತದೆ. ಈ ಸಡಗರದಲ್ಲಿ ಹಿರಿಯರಿಗೆ ಬೇಸರ ತರುವುದು ಆರೋಗ್ಯ ತಪಾಸಣೆ ಮತ್ತು ಲಸಿಕೆ. "ಒಂದು ಸೂಜಿಗಾಗಿ ನರೋಣಾದಿಂದ ಕಲಬುರಗಿಗೆ ಹೋಗಬೇಕಾ?" ಎಂದು ಗೊಣಗುವವರಿದ್ದಾರೆ. ಆ ಸೂಜಿಯ ಬೆಲೆ ತಿಳಿಯಬೇಕಾದರೆ ನಮ್ಮ ಹಿಂದಿನವರು ಮಕ್ಕಾ ತಲುಪಿದ ಹಡಗುಗಳನ್ನು ನೆನೆಯಬೇಕು.

ಕಲಬುರಗಿಯ ಮೂಲಕ ಹಾದುಹೋಗುವ ಮುಂಬೈ–ರಾಯಚೂರು ರೈಲುಮಾರ್ಗ 1871ರಲ್ಲಿ ಪೂರ್ಣಗೊಂಡಿತು. ಆ ಬಳಿಕ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಯಾತ್ರಿಕರಿಗೆ ಮುಂಬೈ ಹತ್ತಿರವಾಯಿತು. ಅಲ್ಲಿಂದ ಮುಂದೆ ಜಿದ್ದಾದವರೆಗೆ ಹಡಗು. ಆದರೆ ಆ ಕಾಲದ ಎಷ್ಟೋ ಹಡಗುಗಳು ಮೂಲತಃ ಸರಕು ಸಾಗಿಸುವಂಥವು. ವರ್ಷದ ಬಹುಭಾಗ ಅಕ್ಕಿ, ಹತ್ತಿ, ಸಕ್ಕರೆ ಹೊರುತ್ತಿದ್ದವು. ಹಜ್ಜ್ ಕಾಲ ಬಂದಾಗ ಮೇಲಿನ ಡೆಕ್ಕಿಗೂ ತಳದ ಉಗ್ರಾಣಕ್ಕೂ ನಡುವೆ ಇರುವ ಅಂತಸ್ತನ್ನು ಖಾಲಿ ಮಾಡಿ, ತಾತ್ಕಾಲಿಕ ಶೌಚಾಲಯ ಕಟ್ಟಿ, ಅಲ್ಲಿ ಜನರನ್ನು ತುಂಬಿಸುತ್ತಿದ್ದರು. ಯಾತ್ರೆ ಮುಗಿದರೆ ಅದೇ ಜಾಗಕ್ಕೆ ಮತ್ತೆ ಮೂಟೆಗಳು.

ಒಬ್ಬ ಯಾತ್ರಿಕನಿಗೆ ಎಷ್ಟು ಜಾಗ? 19ನೇ ಶತಮಾನದ ಕಾನೂನಿನ ಲೆಕ್ಕ ಸುಮಾರು 9 ಚದರ ಅಡಿ. ಅಂದರೆ ಆರಡಿ ಉದ್ದ, ಒಂದೂವರೆ ಅಡಿ ಅಗಲ. ಒಂದು ಕಬರಿಗೂ ಇದಕ್ಕಿಂತ ಹೆಚ್ಚು ಅಗಲ ಇರುತ್ತದೆ! ಮಲಗುವುದು, ಸಾಮಾನು ಇಡುವುದು, ಕಾಯಿಲೆಯಾದರೆ ನರಳುವುದು ಎಲ್ಲವೂ ಅಷ್ಟರಲ್ಲೇ.

ಹೊಣೆಗೇಡಿತನಕ್ಕೆ 'ಜಿದ್ದಾ' ಎಂಬ ಹೆಸರಿನ ಹಡಗೇ ಸಾಕ್ಷಿ. 1872ರಲ್ಲಿ ಕಟ್ಟಿದ ಈ ಹಡಗು 1880ರಲ್ಲಿ ಸಿಂಗಾಪುರ, ಪೆನಾಂಗ್‌ಗಳಿಂದ 900ಕ್ಕೂ ಹೆಚ್ಚು ಯಾತ್ರಿಕರನ್ನೂ ಸರಕನ್ನೂ ಹೊತ್ತು ಹೊರಟಿತ್ತು. ಬಿರುಗಾಳಿಗೆ ಸಿಕ್ಕಿ ನೀರು ನುಗ್ಗಿದಾಗ ಕ್ಯಾಪ್ಟನ್ ಮತ್ತು ಅಧಿಕಾರಿಗಳು ಯಾತ್ರಿಕರನ್ನು ಬಿಟ್ಟು ದೋಣಿಯಲ್ಲಿ ಪಾರಾದರು, ಹಡಗು ಮುಳುಗಿತೆಂದೂ ಹೇಳಿದರು. ಆದರೆ ಹಡಗು ಮುಳುಗಿರಲಿಲ್ಲ. 'ಆಂಟೆನರ್' ಎಂಬ ಇನ್ನೊಂದು ಹಡಗು ಅದನ್ನು ಏಡನ್‌ಗೆ ಎಳೆದು ತಂದಿತು. ರಿಪೇರಿಯಾಗಿ, ಹೆಸರು ಬದಲಿಸಿಕೊಂಡು, ಅದು ಮತ್ತೆ ಸಮುದ್ರಕ್ಕಿಳಿಯಿತು.

ಬಿರುಗಾಳಿಗಿಂತ ದೊಡ್ಡ ಅಪಾಯ ಕಾಲರಾ. ಇಕ್ಕಟ್ಟು, ಕೊಳಕು ನೀರು, ಸಾಲದ ಶೌಚಾಲಯ ಇದ್ದಲ್ಲಿ ಒಬ್ಬರ ಭೇದಿ ನೂರಾರು ಜನರಿಗೆ ಹರಡುತ್ತದೆ. 1865ರ ಹಜ್ಜ್‌ನಲ್ಲಿ ಸುಮಾರು 15 ಸಾವಿರ ಯಾತ್ರಿಕರು ಕಾಲರಾಕ್ಕೆ ಬಲಿಯಾದರೆಂಬ ಅಂದಾಜಿದೆ. ಹಿಂದಿರುಗುವ ಹಡಗುಗಳ ಜೊತೆ ರೋಗ ಈಜಿಪ್ಟ್‌ಗೂ ಯುರೋಪಿಗೂ ಹೋಯಿತು. ಮರುವರ್ಷ ಇಸ್ತಾಂಬುಲ್‌ನಲ್ಲಿ ಹಲವು ದೇಶಗಳು ಸೇರಿ ಸಭೆ ನಡೆಸಿದವು. 1882ರಿಂದ ಯಮನ್ ಬಳಿಯ ಕಮರಾನ್ ದ್ವೀಪದಲ್ಲಿ ಹಾಜಿಗಳನ್ನು ಇಳಿಸಿ, ಬಟ್ಟೆಗಳನ್ನು ಹಬೆಯಲ್ಲಿ ಶುದ್ಧಗೊಳಿಸಿ, ಕೆಲವು ದಿನ ಪ್ರತ್ಯೇಕವಾಗಿಡುವ ಪದ್ಧತಿ ಬಂತು. 2020ರಲ್ಲಿ ನಾವು ಕಂಡ ಕ್ವಾರಂಟೈನ್ ಅದೇ.

1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. 1897ರಲ್ಲಿ ಬ್ರಿಟಿಷ್ ಸರ್ಕಾರ ಭಾರತದಿಂದ ಹೊರಡುವ ಹಜ್ಜ್ ಯಾತ್ರೆಯನ್ನೇ ತಡೆಯಿತು. ಅದೇ ಹೊತ್ತಿಗೆ ಮುಂಬೈಯಲ್ಲಿ ಹಾಫ್‌ಕಿನ್ ಎಂಬ ವಿಜ್ಞಾನಿ ಪ್ಲೇಗಿಗೆ ಲಸಿಕೆ ತಯಾರಿಸಿ, ಮೊದಲು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡರು. ಜನ ಹೆದರುತ್ತಿದ್ದಾಗ ಮೂರನೇ ಆಗಾ ಖಾನರು ಎಲ್ಲರೆದುರು ಲಸಿಕೆ ಹಾಕಿಸಿಕೊಂಡು ಧೈರ್ಯ ತುಂಬಿದರು. ಪಿಡುಗು ಇರುವ ಊರಿಗೆ ಹೋಗಬೇಡಿ, ಅಲ್ಲಿರುವವರು ಹೊರಡಬೇಡಿ ಎಂಬ ಪ್ರವಾದಿ(ಸ)ಯವರ ಬೋಧನೆಯನ್ನು ನಾವೆಲ್ಲ ಕೇಳಿದ್ದೇವೆ. ಮುಂಜಾಗ್ರತೆಯೂ ತವಕ್ಕುಲ್ ಒಂದಕ್ಕೊಂದು ಎದುರಲ್ಲ.

ನಿಧಾನವಾಗಿ ಹಡಗುಗಳು ಸುಧಾರಿಸಿದವು. ಜಾಗ ಹೆಚ್ಚಿತು, ವೈದ್ಯರು ಬಂದರು, ಲಸಿಕೆಯ ಪ್ರಮಾಣಪತ್ರ ಬೇಕಾಯಿತು. 1995ರಲ್ಲಿ ಮುಂಬೈ–ಜಿದ್ದಾ ಹಡಗು ಪ್ರಯಾಣ ನಿಂತು, ಎಲ್ಲರೂ ವಿಮಾನ ಹತ್ತಿದರು. ಹನ್ನೆರಡು–ಹದಿನೈದು ದಿನಗಳ ದಾರಿ ಕೆಲವೇ ಗಂಟೆಗಳದಾಯಿತು. ಆದರೆ ಜನಸಂದಣಿ ಕಡಿಮೆಯಾಗಲಿಲ್ಲ. 1987ರ ಹಜ್ಜ್‌ನಲ್ಲಿ ಮೆದುಳಿನ ಪೊರೆಯ ಜ್ವರ, ಅಂದರೆ ಮೆನಿಂಜೈಟಿಸ್ ಹರಡಿದ ಮೇಲೆ ಅದರ ಲಸಿಕೆ ಕಡ್ಡಾಯವಾಯಿತು. 2024ರಲ್ಲಿ ಬಿಸಿಲಿನ ಝಳದ ನಡುವೆ 1,300ಕ್ಕೂ ಹೆಚ್ಚು ಯಾತ್ರಿಕರು ತೀರಿಕೊಂಡರು.

ಆದ್ದರಿಂದ ಈ ಸಲ ಹೊರಡುವವರು ಇಷ್ಟು ನೆನಪಿಡಿ:

• ಮೆನಿಂಜೈಟಿಸ್ ಲಸಿಕೆಯನ್ನು ಅಲ್ಲಿಗೆ ತಲುಪುವ ಹತ್ತು ದಿನ ಮೊದಲೇ ಹಾಕಿಸಿಕೊಳ್ಳಿ.
• ಸಕ್ಕರೆ ಕಾಯಿಲೆ, ಬಿ.ಪಿ. ಇದ್ದರೆ ಮುಚ್ಚಿಡಬೇಡಿ. ಮಾತ್ರೆಗಳನ್ನು ಚೀಟಿ ಸಮೇತ ಕೈಚೀಲದಲ್ಲಿಡಿ.
• ಈಗಿನಿಂದಲೇ ದಿನಾ ನಡೆಯಿರಿ. ಸಕ್ಕರೆ ಕಾಯಿಲೆ ಇರುವವರು ರಾತ್ರಿ ಪಾದಗಳನ್ನು ನೋಡಿಕೊಳ್ಳಿ.
• ಬಾಯಾರಿಕೆಗೆ ಕಾಯದೆ ನೀರು ಕುಡಿಯಿರಿ. ಮಧ್ಯಾಹ್ನ ಛತ್ರಿ ಇಲ್ಲದೆ ಹೊರಬೀಳಬೇಡಿ.
• ಊಟಕ್ಕೆ ಮೊದಲು, ಶೌಚದ ನಂತರ ಸಾಬೂನಿನಿಂದ ಕೈ ತೊಳೆಯಿರಿ.

ಒಂದೂವರೆ ಅಡಿ ಜಾಗದಲ್ಲಿ ಮಲಗಿ ಹೋದ ಹಿರಿಯರಲ್ಲಿ ಎಷ್ಟೋ ಮಂದಿ ಮರಳಿ ಬರಲಿಲ್ಲ. ನಮ್ಮ ಹಾಜಿಗಳು ಆರೋಗ್ಯವಾಗಿ ಮನೆಗೆ ಬರಲಿ, ಆಮೀನ್.