ಶಾಲೆಯ ರಜೆ, ಮಲೆನಾಡಿನ ಋತು

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಿಂದ ಹೋಗಿ ಹೊರದೇಶಗಳಲ್ಲಿ ನೆಲೆಸಿದ ಕುಟುಂಬಗಳು ಊರಿಗೆ ಯಾವಾಗ ಬರಬೇಕೆಂಬುದನ್ನು ಹಬ್ಬ, ಜಾತ್ರೆ, ಸುಗ್ಗಿಗಳು ನಿರ್ಧರಿಸುವುದಿಲ್ಲ. ಮಗು ಶಾಲೆಗೆ ಸೇರಿದ ವರ್ಷದಿಂದ ಆ ತೀರ್ಮಾನ ಅಲ್ಲಿನ ಶಾಲೆಯ ವೇಳಾಪಟ್ಟಿಯದಾಗುತ್ತದೆ. ಅಮೆರಿಕ, ಬ್ರಿಟನ್ ಮತ್ತು ಕೊಲ್ಲಿ ದೇಶಗಳಲ್ಲಿ ದೀರ್ಘ ರಜೆ ಬೀಳುವುದು ಜೂನ್‌ನಿಂದ ಆಗಸ್ಟ್‌ವರೆಗಿನ ತಿಂಗಳುಗಳಲ್ಲಿ, ಎಂದರೆ ಮಲೆನಾಡಿನ ಮಳೆಗಾಲದಲ್ಲಿ. ದಕ್ಷಿಣಾರ್ಧ ಗೋಳದ ಆಸ್ಟ್ರೇಲಿಯಾದಲ್ಲಿ ಅದು ಡಿಸೆಂಬರ್, ಜನವರಿಗೆ ಬರುತ್ತದೆ. ಹೀಗಾಗಿ ಒಂದೇ ಅಜ್ಜನ ಮನೆಗೆ ಬೇರೆ ಬೇರೆ ದೇಶಗಳಿಂದ ಬರುವ ಮೊಮ್ಮಕ್ಕಳು ಎರಡು ಬೇರೆ ಊರುಗಳನ್ನೇ ಕಂಡು ಹಿಂದಿರುಗುತ್ತಾರೆ.

ಮಳೆಗಾಲದಲ್ಲಿ ಬರುವ ಮಗುವಿಗೆ ಸಿಗುವುದು ಗದ್ದೆಯ ನೆಟ್ಟಿ, ಬಚ್ಚಲ ಹಂಡೆಯ ಬಿಸಿನೀರು, ಕಳಲೆ ಪಲ್ಯ, ಪತ್ರೊಡೆ ಮತ್ತು ಬೇಸಿಗೆಯಲ್ಲಿ ಮಾಡಿಟ್ಟ ಹಲಸಿನ ಹಪ್ಪಳ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಬಳಿಕ ಶರಾವತಿಯ ನೀರು ಹೆಚ್ಚಾಗಿ ವಿದ್ಯುತ್ ಉತ್ಪಾದನೆಗೆ ಹೋಗುವುದರಿಂದ 253 ಮೀಟರ್ ಎತ್ತರದ ಜೋಗ ತುಂಬಿ ಬೀಳುವುದು ಈ ತಿಂಗಳುಗಳಲ್ಲಿ ಮಾತ್ರ. ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವುದೂ ಇದೇ ಕಾಲದಲ್ಲಿ. ಆದರೆ ಕೊಡಚಾದ್ರಿಯಾಗಲಿ ಕವಲೇದುರ್ಗವಾಗಲಿ ಆಗ ಜಾರುವ ಕಲ್ಲು, ಇಂಬಳ ಮತ್ತು ಮಂಜಿನ ತಾಣಗಳು. ನಾಲ್ಕೈದು ವರ್ಷದ ಮಗುವನ್ನು ಅಲ್ಲಿಗೆ ಹತ್ತಿಸುವುದಕ್ಕಿಂತ ಜಗಲಿಯಲ್ಲಿ ಕೂರಿಸಿ ಮಳೆ ತೋರಿಸುವುದು ಮೇಲು.

ಡಿಸೆಂಬರಿನಲ್ಲಿ ಬರುವ ಮಗು ಕಾಣುವುದು ಅಡಿಕೆಯ ಸುಗ್ಗಿಯನ್ನು. ಕೊನೆ ಇಳಿಸುವುದು, ರಾತ್ರಿಯವರೆಗೂ ಸುಲಿಯುವುದು, ಚೊಗರು ಎಂದು ಕರೆಯುವ ಕೆಂಪು ರಸದಲ್ಲಿ ಬೇಯಿಸುವುದು, ಒಣಗಿಸುವುದು ಎಲ್ಲವೂ ಮನೆಯಂಗಳದಲ್ಲೇ ನಡೆಯುತ್ತವೆ. ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆಯ ಜಾತ್ರೆಯಿರುತ್ತದೆ, ರಾತ್ರಿಗಳಲ್ಲಿ ಯಕ್ಷಗಾನ ಮೇಳಗಳ ಆಟವಿರುತ್ತದೆ. ಪ್ರವಾಸಕ್ಕೆ ಹಿತವಾದ ಈ ಕಾಲವೇ ಮಂಗನ ಕಾಯಿಲೆಯ ಕಾಲವೂ ಆಗಿದೆ ಎಂಬುದನ್ನು ಹೊರದೇಶದಿಂದ ಬರುವ ತಂದೆತಾಯಿಗಳು ಮರೆಯಬಾರದು. 1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ವೈರಸ್ ಜ್ವರವನ್ನು ಹರಡುವುದು ಉಣುಗು ಎಂಬ ಸಣ್ಣ ರಕ್ತಹೀರುವ ಜೀವಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಸುತ್ತಮುತ್ತ ಇದು ಹಲವರ ಪ್ರಾಣ ತೆಗೆದಿದೆ. ಉಣುಗುಗಳು ಒಣಗಿದ ದರಗಿನಲ್ಲಿ ಅಡಗಿರುವುದರಿಂದ ಮಗುವನ್ನು ಕಾಡಿನಂಚಿನಲ್ಲಿ ಆಡಲು ಬಿಡಬಾರದು, ತೋಟದಿಂದ ಬಂದೊಡನೆ ಬಟ್ಟೆ ಬದಲಿಸಿ ಮೈ ನೋಡಬೇಕು, ಮಂಗ ಸತ್ತ ಸುದ್ದಿಯಿರುವ ಕಡೆ ಸುಳಿಯಬಾರದು. ಸೋಂಕು ತಗುಲಿದ ಕೆಲವು ದಿನಗಳ ಮೇಲೆ ಜ್ವರ ಬರುವುದರಿಂದ ಅದು ವಿಮಾನ ಇಳಿದ ನಂತರ ಕಾಣಿಸಿಕೊಳ್ಳಬಹುದು. ಆ ದೇಶದ ವೈದ್ಯರಿಗೆ ಈ ಕಾಯಿಲೆಯ ಪರಿಚಯವಿರುವ ಸಂಭವ ಕಡಿಮೆಯಾದ್ದರಿಂದ ಮಗು ಎಲ್ಲಿದ್ದು ಬಂದಿತೆಂಬುದನ್ನು ತಂದೆತಾಯಿಗಳೇ ಮೊದಲು ಹೇಳಬೇಕಾಗುತ್ತದೆ.

ದಾರಿ ಈಗ ಹಿಂದಿನಷ್ಟು ಕಷ್ಟವಲ್ಲ. ಶಿವಮೊಗ್ಗ ವಿಮಾನ ನಿಲ್ದಾಣ 2023ರಲ್ಲಿ ತೆರೆಯಿತು. ಬೆಂಗಳೂರಿನಿಂದ ತಾಳಗುಪ್ಪದ ರಾತ್ರಿ ರೈಲು ಬೆಳಗಾಗುವ ಹೊತ್ತಿಗೆ ಸಾಗರ ಮುಟ್ಟಿಸುತ್ತದೆ. ಅಣೆಕಟ್ಟಿನ ಹಿನ್ನೀರಿನಿಂದ ದ್ವೀಪದಂತಾಗಿದ್ದ ತುಮರಿ, ಸಿಗಂದೂರು ಭಾಗಕ್ಕೆ ದಶಕಗಳ ಕಾಲ ಲಾಂಚೇ ಗತಿಯಾಗಿದ್ದರೆ, 2025ರ ಜುಲೈನಲ್ಲಿ ಅಲ್ಲಿ ಸೇತುವೆ ಬಂದಿದೆ. ಕಡಿಮೆಯಾಗದಿರುವುದು ಗಡಿಯಾರದ ಅಂತರ. ಬೇಸಿಗೆಯಲ್ಲಿ ನ್ಯೂಯಾರ್ಕ್ ಭಾರತಕ್ಕಿಂತ ಒಂಬತ್ತೂವರೆ ಗಂಟೆ ಹಿಂದಿರುತ್ತದೆ, ದೇಹ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಹೊಂದಿಕೊಳ್ಳುತ್ತದೆ, ಆದ್ದರಿಂದ ಮೊದಲ ವಾರವಿಡೀ ನಡುರಾತ್ರಿ ಎದ್ದು ಕೂರುವ ಮಗುವನ್ನು ಮರುದಿನವೇ ದೇವಸ್ಥಾನ, ನೆಂಟರ ಮನೆಗಳ ಸುತ್ತಾಟಕ್ಕೆ ಹೊರಡಿಸುವುದು ನಿರ್ದಯವೇ ಸರಿ. ಮೂರು ವಾರದ ರಜೆಯಲ್ಲಿ ಒಂದು ವಾರ ಒಂದೇ ಮನೆಯಲ್ಲಿ ನಿಂತರೆ ಮಗುವಿಗೆ ಕೊಟ್ಟಿಗೆಯ ಕರುವಿನ ಹೆಸರು ತಿಳಿಯುತ್ತದೆ, ಅಜ್ಜಿಯ ಕನ್ನಡ ಕಿವಿಗೆ ಕೂರುತ್ತದೆ. ದಿನಕ್ಕೊಂದು ಮನೆಯಾದರೆ ಕಾಲಿಗೆ ಬೀಳುವುದಷ್ಟೇ ಅಭ್ಯಾಸವಾಗುತ್ತದೆ.

ಈ ಯಾವ ವೇಳಾಪಟ್ಟಿಗೂ ಸಿಗದೆ ಉಳಿಯುವುದು ಊರಿನ ಮಕ್ಕಳ ನಿಜವಾದ ರಜೆಯಾದ ಏಪ್ರಿಲ್ ಮತ್ತು ಮೇ ತಿಂಗಳು, ಕಾಟುಮಾವು, ಹಲಸು, ಮುರುಗಲು ಹಣ್ಣಿನ ಕಾಲ. ಹೊಳೆಯಂಚಿನ ಮರಗಳಿಂದ ಇಳಿಸಿ ಉಪ್ಪಿಗೆ ಹಾಕಿದ ಅಪ್ಪೆಮಿಡಿ ಮಾತ್ರ ಹೊರಡುವ ದಿನ ಸೂಟ್‌ಕೇಸಿನ ಬಟ್ಟೆಗಳ ನಡುವೆ ಸೇರಿ ಆ ಮಗುವಿನ ಜೊತೆ ಹೋಗುತ್ತದೆ.