ಕಂದೀಲಿನಿಂದ ಕ್ಯಾಮೆರಾಕ್ಕೆ: ಪೊಲೀಸರ ಹೊಸ ಕಣ್ಣು ಕಾಣುವುದೆಷ್ಟು?

ರಾಯಚೂರಿನ ತೀನ್ ಕಂದೀಲ್ ವೃತ್ತದ ಹೆಸರಿನಲ್ಲೇ ಮೂರು ಕಂದೀಲುಗಳಿವೆ. ಪೇಟೆಯ ರಾತ್ರಿಗೆ ಬೆಳಕೆಂದರೆ ಕಂದೀಲು, ಕಾವಲೆಂದರೆ ಲಾಠಿ ಬಡಿಯುತ್ತ ಸುತ್ತುವ ಪೊಲೀಸಪ್ಪ ಎಂಬ ಕಾಲವೊಂದಿತ್ತು. ನಮ್ಮ ಜಿಲ್ಲೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲೂ ಕಂದಾಯಕ್ಕೆ ಮಾಲಿ ಪಟೇಲ, ಕಳ್ಳಕಾಕರ ಮೇಲೆ ನಿಗಾ ಇಡಲು ಪೊಲೀಸ್ ಪಟೇಲ ಇರುತ್ತಿದ್ದರು. ಊರಿಗೆ ಹೊಸಬನೊಬ್ಬ ಬಂದು ಗುಡಿಯ ಕಟ್ಟೆಯ ಮೇಲೆ ಮಲಗಿದರೂ ಪಟೇಲರ ಕಿವಿಗೆ ಸುದ್ದಿ ಮುಟ್ಟಬೇಕು.

ಈಗ ಆ ಕೆಲಸ ಕಂಬದ ಮೇಲಿನ ಕ್ಯಾಮೆರಾದ ಪಾಲಿಗೆ ಬಂದಿದೆ. ಸೈಕಲ್ ಕಳುವಾಗಲಿ, ಹಾಸ್ಟೆಲಿನಲ್ಲಿ ಜಗಳವಾಗಲಿ, 'ಕ್ಯಾಮೆರಾ ಅದಾವಲ್ರಿ, ನೋಡಿದ್ರ ಎಲ್ಲಾ ಗೊತ್ತಾಗತದ' ಎನ್ನುವವರೇ ಎಲ್ಲರೂ. ಈ ನಂಬಿಕೆ ಎರಡು ರೀತಿಯಲ್ಲಿ ಅಪಾಯಕಾರಿ. ಕಳ್ಳ ಸಿಗದೇ ಹೋಗಬಹುದು, ಅದು ಹಾಗಿರಲಿ. ತೆರೆಯ ಮೇಲಿನ ಮಸುಕು ಆಕೃತಿಯನ್ನು ನೋಡಿ 'ಇವನು ಇಂಥವರ ಮಗನೇ' ಎಂದು ಯಾರಾದರೂ ಹೇಳಿಬಿಟ್ಟರೆ, ಏನೂ ಅರಿಯದ ಕಾಲೇಜು ಹುಡುಗನೊಬ್ಬ ಠಾಣೆಯ ಬೆಂಚಿನ ಮೇಲೆ ಕೂರಬೇಕಾಗುತ್ತದೆ. ಹಾಗಾಗಿ ಕ್ಯಾಮೆರಾ ನಿಜವಾಗಿ ಏನನ್ನು ಕಾಣುತ್ತದೆ ಎಂಬ ಲೆಕ್ಕವನ್ನು ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಒಮ್ಮೆ ಹಾಕಿ ನೋಡುವುದು ಒಳ್ಳೆಯದು. ಹೈಸ್ಕೂಲಿನ ಗಣಿತ ಸಾಕು.

ಸಾಮಾನ್ಯವಾಗಿ ಬಳಕೆಯಲ್ಲಿರುವ ಫುಲ್ ಎಚ್.ಡಿ. ಕ್ಯಾಮೆರಾದ ಚಿತ್ರದಲ್ಲಿ ಅಡ್ಡಸಾಲಿಗೆ 1,920 ಬಿಂದುಗಳಿರುತ್ತವೆ. ಈ ಬಿಂದುಗಳಿಗೆ ಪಿಕ್ಸೆಲ್ ಎನ್ನುತ್ತಾರೆ. ಆ ಕ್ಯಾಮೆರಾ 20 ಮೀಟರ್ ಅಗಲದ ವೃತ್ತವನ್ನು ಕಾಯುತ್ತಿದೆ ಎನ್ನಿ. ಒಂದು ಮೀಟರಿಗೆ ಸಿಕ್ಕಿದ್ದು 96 ಪಿಕ್ಸೆಲ್. ಮನುಷ್ಯನ ಮುಖದ ಅಗಲ ಸುಮಾರು 16 ಸೆಂಟಿಮೀಟರ್, ಅಂದರೆ ಮುಖದ ಪಾಲಿಗೆ ಹದಿನೈದೇ ಪಿಕ್ಸೆಲ್! ಗ್ರಾಫ್ ಹಾಳೆಯಲ್ಲಿ ಹದಿನೈದು ಚೌಕಗಳ ಅಗಲದೊಳಗೆ ನಿಮ್ಮ ಗೆಳೆಯನ ಮುಖ ಬರೆದು ನೋಡಿ, ಗುರುತು ಸಿಗುವುದೋ ಇಲ್ಲವೋ ತಿಳಿಯುತ್ತದೆ. ಅಪರಿಚಿತನೊಬ್ಬನನ್ನು ಚಿತ್ರದಿಂದ ಖಚಿತವಾಗಿ ಗುರುತಿಸಲು ಮೀಟರಿಗೆ 250 ಪಿಕ್ಸೆಲ್ ಬೇಕು ಎಂಬುದು ಈ ಕ್ಷೇತ್ರದ ಒಪ್ಪಿತ ಅಳತೆ. ಆ ಲೆಕ್ಕದಲ್ಲಿ ನಮ್ಮ ಕ್ಯಾಮೆರಾ ಎಂಟು ಮೀಟರಿಗಿಂತ ಕಡಿಮೆ ಅಗಲವನ್ನು ಮಾತ್ರ ನೆಚ್ಚಿಕೊಳ್ಳುವಂತೆ ಕಾಯಬಲ್ಲದು. ಚಿತ್ರವನ್ನು ದೊಡ್ಡದು ಮಾಡಿದರೆ ಚೌಕಗಳು ದೊಡ್ಡವಾಗುತ್ತವೆಯೇ ಹೊರತು ಹೊಸ ವಿವರ ಹುಟ್ಟುವುದಿಲ್ಲ. ಅದು ಸಿನಿಮಾದಲ್ಲಿ ಮಾತ್ರ.

ಕತ್ತಲಲ್ಲಿ ಕರಿ ಅಂಗಿ

ರಾತ್ರಿಯ ಕಥೆ ಇನ್ನೂ ಸ್ವಾರಸ್ಯಕರ. ಕತ್ತಲಾದೊಡನೆ ಕ್ಯಾಮೆರಾ ತನ್ನ ಸುತ್ತಲಿನ ಪುಟ್ಟ ದೀಪಗಳಿಂದ ಅವಕೆಂಪು ಕಿರಣಗಳನ್ನು ಚೆಲ್ಲುತ್ತದೆ. ಈ ಕಿರಣಗಳ ತರಂಗಾಂತರ ಸಾಮಾನ್ಯವಾಗಿ 850 ನ್ಯಾನೋಮೀಟರ್. ನಮ್ಮ ಕಣ್ಣಿನ ವ್ಯಾಪ್ತಿ ಸುಮಾರು 400ರಿಂದ 700. ಆದ್ದರಿಂದ ನಮಗೆ ಕತ್ತಲು, ಕ್ಯಾಮೆರಾದೊಳಗಿನ ಸಿಲಿಕಾನ್ ತುಣುಕಿಗೆ ಬೆಳಕು. ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಟಿ.ವಿ. ರಿಮೋಟಿನ ಗುಂಡಿ ಒತ್ತಿ, ಅದರ ಮೂತಿಯನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ಬಹುತೇಕ ಫೋನುಗಳಲ್ಲಿ ಬರಿಗಣ್ಣಿಗೆ ಕಾಣದ ದೀಪ ಮಿನುಗುವುದು ಕಾಣುತ್ತದೆ.

ಆದರೆ ಈ ಬೆಳಕಿನಲ್ಲಿ ಬಣ್ಣವಿಲ್ಲ, ಎಲ್ಲವೂ ಕಪ್ಪು ಬಿಳುಪು. ಅದರಲ್ಲೂ ಒಂದು ಮೋಸವಿದೆ. ಬಟ್ಟೆಗೆ ಹಾಕುವ ಎಷ್ಟೋ ಕಪ್ಪು ಬಣ್ಣಗಳು ಕಣ್ಣಿಗೆ ಕಾಣುವ ಬೆಳಕನ್ನು ನುಂಗುತ್ತವೆ, ಅವಕೆಂಪನ್ನು ನುಂಗುವುದಿಲ್ಲ. ಹಾಗಾಗಿ ಕರಿ ಅಂಗಿ ತೊಟ್ಟವನು ರಾತ್ರಿಯ ಚಿತ್ರದಲ್ಲಿ ಬೂದು, ಕೆಲವೊಮ್ಮೆ ಹೆಚ್ಚುಕಡಿಮೆ ಬಿಳಿ ಅಂಗಿಯವನಾಗಿ ಕಾಣುತ್ತಾನೆ. 'ಬಿಳಿ ಅಂಗಿಯ ಹುಡುಗ' ಎಂದು ಹುಡುಕಹೊರಟರೆ ಸಿಗುವವನು ಬೇರೆಯೇ! ಬೆಳಕನ್ನು ಮರಳಿಸುವ ವಾಹನದ ನಂಬರ್ ಪ್ಲೇಟ್ ಕೂಡ ಈ ಕಿರಣ ಬಿದ್ದಾಗ ಬರೀ ಬಿಳಿ ತಟ್ಟೆಯಂತೆ ಹೊಳೆಯಬಹುದು. ಇನ್ನು ಬಲೆ ಕಟ್ಟುವ ಜೇಡವೂ ಒಂದು ಉಪದ್ರವ. ಮಸೂರದ ಮುಂದಿನ ಒಂದೇ ಎಳೆ ತೆರೆಯ ಮೇಲೆ ಹಗ್ಗದಷ್ಟು ದಪ್ಪಗೆ ಬೆಳಗುತ್ತದೆ. ಭತ್ತದ ಸೀಮೆಯಾದ ಮಾನ್ವಿಯಲ್ಲಿ ಹುಳುಹುಪ್ಪಟೆಗೇನು ಬರ, ಜೇಡಕ್ಕೇನು ಕೊರತೆ!

ಕ್ಯಾಮೆರಾದ ನೆನಪಿನ ಆಯುಸ್ಸನ್ನೂ ಲೆಕ್ಕ ಹಾಕೋಣ. ಸೆಕೆಂಡಿಗೆ 20 ಲಕ್ಷ ಬಿಟ್ ಬರೆಯುವ ಒಂದು ಕ್ಯಾಮೆರಾ ದಿನಕ್ಕೆ 21.6 ಗಿಗಾಬೈಟ್ ತುಂಬಿಸುತ್ತದೆ. ಅಂಗಡಿಯಲ್ಲಿ ಅಂಥವು ನಾಲ್ಕಿದ್ದು, ಒಂದು ಟೆರಾಬೈಟಿನ ಡಿಸ್ಕ್ ಇದ್ದರೆ ಹನ್ನೊಂದು ಹನ್ನೆರಡು ದಿನಕ್ಕೆ ಜಾಗ ಮುಗಿಯಿತು. ಆಮೇಲೆ ಹೊಸದು ಹಳೆಯದರ ಮೇಲೇ ಬರೆಯುತ್ತ ಹೋಗುತ್ತದೆ. ಜನ ಹೆಚ್ಚಾಗಿ ಸೇರುವ ಸಂಸ್ಥೆಗಳು ಕ್ಯಾಮೆರಾ ಇಟ್ಟು 30 ದಿನಗಳ ಚಿತ್ರ ಉಳಿಸಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಇದೇ ನಾಲ್ಕು ಕ್ಯಾಮೆರಾಗಳಿಗೆ ಅದು ಸುಮಾರು 2.6 ಟೆರಾಬೈಟಿನ ಮಾತು. ಆದ್ದರಿಂದ ಏನಾದರೂ ಕಳುವಾದರೆ ದೂರು ಕೊಡುವುದನ್ನು ಮುಂದಿನ ಸಂತೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಯಂತ್ರದ ಗಡಿಯಾರವನ್ನೂ ನಿಮ್ಮ ಗಡಿಯಾರವನ್ನೂ ಹೋಲಿಸಿ ಬರೆದಿಟ್ಟುಕೊಳ್ಳಿ, ಹತ್ತು ನಿಮಿಷ ಹಿಂದುಮುಂದಾಗಿರುವುದು ಅಪರೂಪವೇನಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ಚಿತ್ರದ ಪ್ರತಿಯ ಜತೆಗೆ ಪ್ರಮಾಣಪತ್ರ ಬೇಕು, ಅದರಲ್ಲಿ 'ಹ್ಯಾಶ್' ಎಂಬ ಸಂಖ್ಯೆ ಇರಬೇಕು. ಇದು ಕಡತದ ಬೆರಳಚ್ಚು ಇದ್ದ ಹಾಗೆ. ಒಂದೇ ಬಿಟ್ ಬದಲಾದರೂ ಸಂಖ್ಯೆ ಪೂರ್ತಿ ಬದಲಾಗುತ್ತದೆ. ವಾಟ್ಸ್‌ಆ್ಯಪಿನಲ್ಲಿ ಕುಗ್ಗಿಬಂದ ತುಣುಕಿಗೂ ಮೂಲಕ್ಕೂ ಹ್ಯಾಶ್ ಒಂದೇ ಆಗಿರುವುದಿಲ್ಲ.

ಮೊಬೈಲ್ ಟವರಿನ ಮಾಹಿತಿಗೂ ಇಂಥದೇ ಮಿತಿ ಇದೆ. ರಾಯಚೂರು ನಗರದಲ್ಲಿ ಟವರುಗಳು ಒತ್ತೊತ್ತಾಗಿವೆ. ದೇವದುರ್ಗದ ಕೃಷ್ಣಾ ತೀರದಂಥ ಹಳ್ಳಿಗಾಡಿನಲ್ಲಿ ಒಂದೇ ಟವರ್ ಹಲವು ಕಿಲೋಮೀಟರ್ ಆವರಿಸಬಲ್ಲದು. ಫೋನು ಆ ಟವರಿನಡಿ ಇತ್ತು ಎಂದ ಮಾತ್ರಕ್ಕೆ ಅದರ ಒಡೆಯ ಹೊಳೆಯ ದಂಡೆಯಲ್ಲಿದ್ದನೋ, ತನ್ನ ಹತ್ತಿ ಹೊಲದಲ್ಲಿದ್ದನೋ ಹೇಳಲಾಗದು.

ಸಾವಿರಕ್ಕೆ ಒಂದು ತಪ್ಪು

ಶಕ್ತಿನಗರದ ಬಳಿ ಕೃಷ್ಣೆಯ ಸೇತುವೆ ದಾಟಿದರೆ ತೆಲಂಗಾಣ. ಅಲ್ಲಿನ ಪೊಲೀಸರು 2018ರಲ್ಲೇ ತಮ್ಮ ಮೊಬೈಲ್ ಆ್ಯಪಿಗೆ ಮುಖ ಗುರುತಿಸುವ ತಂತ್ರಾಂಶ ಸೇರಿಸಿದರು. 2022ರಲ್ಲಿ ಅದು ಅಲ್ಲಿನ ಹೈಕೋರ್ಟಿನಲ್ಲಿ ಪ್ರಶ್ನೆಗೂ ಒಳಗಾಯಿತು. ಇಲ್ಲಿಯೂ ಒಂದು ಲೆಕ್ಕ. ಜಾತ್ರೆಗೆ ಒಂದು ಲಕ್ಷ ಜನ ಬಂದಿದ್ದಾರೆ, ಪೊಲೀಸರು ಹುಡುಕುತ್ತಿರುವವರು ಅವರಲ್ಲಿ ಹತ್ತು ಜನ ಎಂದುಕೊಳ್ಳಿ. ಯಂತ್ರ ಸಾವಿರ ಮಂದಿಗೆ ಒಬ್ಬರ ವಿಷಯದಲ್ಲಿ ಮಾತ್ರ ತಪ್ಪುತ್ತದೆ. ಬಹಳ ಒಳ್ಳೆಯ ಯಂತ್ರವೇ! ಆದರೂ ನಿರಪರಾಧಿಗಳಲ್ಲಿ ಸುಮಾರು ನೂರು ಜನರತ್ತ ಅದು ಬೆರಳು ತೋರಿಸುತ್ತದೆ. ಹತ್ತೂ ಕಳ್ಳರನ್ನು ಅದು ಹಿಡಿದರೂ, ತಡೆದು ನಿಲ್ಲಿಸಿದ ಪ್ರತಿ ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ ಏನೂ ಮಾಡದವರು. ಯಂತ್ರದ ಮಾತು ತನಿಖೆಯ ಆರಂಭವಾಗಬಹುದು. ಅದನ್ನೇ ತೀರ್ಪು ಮಾಡಿಕೊಂಡರೆ ಆ ಹತ್ತು ಮಂದಿಯ ಗತಿ?

ಪೋಷಕರು ತಿಳಿದಿರಬೇಕಾದ ಇನ್ನೊಂದು ಕಾನೂನಿದೆ. 2022ರ ದಂಡ ಪ್ರಕ್ರಿಯೆ ಗುರುತಿಸುವಿಕೆ ಕಾಯ್ದೆಯಂತೆ ಬಂಧಿತರಿಂದ ಪಡೆದ ಬೆರಳಚ್ಚು, ಭಾವಚಿತ್ರ, ಕಣ್ಣಿನ ಪಾಪೆಯ ಗುರುತು ಮುಂತಾದವನ್ನು 75 ವರ್ಷ ಇಟ್ಟುಕೊಳ್ಳಬಹುದು. ಹಿಂದೆ ಶಿಕ್ಷೆಯಾಗಿರದ ವ್ಯಕ್ತಿ ವಿಚಾರಣೆಯಿಲ್ಲದೆ ಬಿಡುಗಡೆಯಾದರೆ, ಇಲ್ಲವೇ ಖುಲಾಸೆಯಾಗಿ ಮೇಲ್ಮನವಿಯೂ ಮುಗಿದರೆ, ನ್ಯಾಯಾಲಯ ಕಾರಣ ಬರೆದು ಬೇರೆ ಆದೇಶ ಮಾಡದ ಹೊರತು ಅವನ್ನು ನಾಶಮಾಡಬೇಕು. ಈ ಎರಡನೆಯ ಮಾತು ಬಹಳ ಜನರಿಗೆ ತಿಳಿದೇ ಇಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. 2024ರಲ್ಲಿ ತೀರಿಕೊಂಡರು.

ಕ್ಯಾಮೆರಾ ಒಂದೇ ದಿಕ್ಕಿಗೆ ನೋಡಬೇಕೆಂದೇನೂ ಇಲ್ಲ. 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟು ಪ್ರತಿ ಪೊಲೀಸ್ ಠಾಣೆಯ ಬಾಗಿಲು, ಲಾಕಪ್, ಪಡಸಾಲೆಗಳಲ್ಲೂ ಧ್ವನಿ ಸಹಿತ ದಾಖಲಿಸುವ, ರಾತ್ರಿಯೂ ಕಾಣುವ ಕ್ಯಾಮೆರಾ ಇರಬೇಕೆಂದು ಆದೇಶಿಸಿತು. ಚಿತ್ರಗಳನ್ನು 18 ತಿಂಗಳು, ಅಷ್ಟು ಸಾಮರ್ಥ್ಯದ ಯಂತ್ರ ಸಿಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕು. ಠಾಣೆಯಲ್ಲಿ ಕ್ಯಾಮೆರಾ ಇದೆ ಎಂಬ ದೊಡ್ಡ ಫಲಕವನ್ನು ಇಂಗ್ಲಿಷ್, ಹಿಂದಿಗಳಲ್ಲಿ ಮಾತ್ರವಲ್ಲ, ಸ್ಥಳೀಯ ಭಾಷೆಯಲ್ಲೂ ಹಾಕಬೇಕೆಂದು ಅದೇ ಆದೇಶದಲ್ಲಿದೆ. ಪಾಸ್‌ಪೋರ್ಟಿನ ಕೆಲಸಕ್ಕೋ, ಕಳೆದ ಮೊಬೈಲಿನ ದೂರಿಗೋ ಠಾಣೆಗೆ ಹೋದಾಗ ಗೋಡೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, ಆ ಫಲಕ ಕನ್ನಡದಲ್ಲಿ ಇದೆಯೇ ಎಂದು ನೋಡಿ.