ಹಾಡುವವರು ಎಲ್ಲಿ ಕೂತಿದ್ದಾರೆ?

ಮೈಸೂರಿನ ಸರಸ್ವತಿಪುರಂನ ಆ ಮನೆಯಲ್ಲಿ ಹೆಡ್‌ಫೋನುಗಳಿಗಿಂತ ಮೊದಲು ನನ್ನ ಕೈಗೆ ಬಂದದ್ದು ಒಂದು ಫೋಟೊ. ರಾಮನವಮಿಗೆ ಅದೇ ಮನೆಯ ಹಜಾರದಲ್ಲಿ ನಡೆದ ಕಛೇರಿಯದು. ನಡುವೆ ಗಾಯಕಿ, ನೋಡುವವರ ಎಡಕ್ಕೆ ಮೃದಂಗ, ಬಲಕ್ಕೆ ಪಿಟೀಲು, ಮೃದಂಗದವರಿಂದ ತುಸು ಹಿಂದಕ್ಕೆ ಘಟ, ಗಾಯಕಿಯ ಬೆನ್ನಿಗೆ ತಂಬೂರಿ. ಐದಾರು ಅಡಿ ಈಚೆಗೆ ಒಂದು ಸ್ಟ್ಯಾಂಡು, ಅದರ ಮೇಲೆ ಎರಡು ಮೈಕು. ಮನೆಯ ಯಜಮಾನರು ನಿವೃತ್ತ ಎಂಜಿನಿಯರು. ಹೆಡ್‌ಫೋನು ಕೂಡಿಡುವುದು ಅವರ ಬಹುಕಾಲದ ಹವ್ಯಾಸ. “ಸಾರ್, ಇವತ್ತು ಬೇರೆ ಯಾವ ಹಾಡೂ ಬೇಡ. ಆ ಕಛೇರಿಯಲ್ಲಿ ರೆಕಾರ್ಡ್ ಮಾಡಿದ ಈ ಒಂದೇ ಕಾಂಭೋಜಿ. ಒಂದೊಂದು ಹೆಡ್‌ಫೋನು ಹಾಕ್ಕೊಂಡು, ಯಾರು ಎಲ್ಲಿ ಕೂತಿದ್ದಾರೆ ಅಂತ ಹೇಳ್ತಾ ಹೋಗಿ” ಅಂದರು.

ಈ ಒಂದು ಮಾತು ನನಗೆ ಬಹಳ ಹಿಡಿಸಿತು. ಹೆಡ್‌ಫೋನ್ ವಿಮರ್ಶೆಗಳಲ್ಲಿ ‘ಸೌಂಡ್‌ಸ್ಟೇಜ್ ಅದ್ಭುತ’, ‘ವೇದಿಕೆ ವಿಶಾಲ’ ಎಂಬ ಮಾತು ಧಾರಾಳವಾಗಿ ಬರುತ್ತದೆ. ಆದರೆ ಮೂಲ ವೇದಿಕೆ ಎಷ್ಟು ಅಗಲವಿತ್ತು, ವಾದ್ಯಗಳು ಎಲ್ಲೆಲ್ಲಿದ್ದವು ಎಂದು ಗೊತ್ತಿಲ್ಲದೆ ವಿಶಾಲವೆಂದರೆ ಅದು ಹೊಗಳಿಕೆಯೋ ದೂರೋ ತಿಳಿಯುವುದಿಲ್ಲ. ಇಲ್ಲಿ ಫೋಟೊ ಇದೆ, ಹಜಾರವೂ ಕೆಳಗೇ ಇದೆ. ಎರಡು ಮೈಕುಗಳ ತುದಿಗಳ ನಡುವೆ 17 ಸೆಂಟಿಮೀಟರ್, ಅವು ಹೊರಳಿದ ಕೋನ 110 ಡಿಗ್ರಿ. ಫ್ರಾನ್ಸಿನ ಸರ್ಕಾರಿ ಪ್ರಸಾರ ಸಂಸ್ಥೆ ರೂಢಿಗೆ ತಂದ ಈ ಕ್ರಮದಲ್ಲಿ ಮೈಕುಗಳ ಅಂತರ ಹೆಚ್ಚೂಕಡಿಮೆ ನಮ್ಮ ಎರಡು ಕಿವಿಗಳ ಅಂತರದಷ್ಟೇ. ಮಿಕ್ಸಿಂಗ್ ಇಲ್ಲ, ಎಕೋ ತುಂಬಿಲ್ಲ. ಹೆಡ್‌ಫೋನಿಗೆ ಇದಕ್ಕಿಂತ ಪ್ರಾಮಾಣಿಕ ಪರೀಕ್ಷೆ ಬೇಕಿಲ್ಲ.

ಮೊದಲು ಸೆನ್‌ಹೈಸರ್ ಎಚ್‌ಡಿ 600. 1997ರಿಂದ ಸ್ಟುಡಿಯೋದವರೂ ಮನೆಯವರೂ ಒಟ್ಟಿಗೆ ಮೆಚ್ಚಿಕೊಂಡು ಬಂದ, ಹಿಂಬದಿ ತೆರೆದಿರುವ ಓಪನ್ ಬ್ಯಾಕ್ ಹೆಡ್‌ಫೋನು. ಗಾಯಕಿಯ ಕಂಠ ಬಂದ ಕೂಡಲೇ, ಇದು ಮನುಷ್ಯರ ದನಿ, ಯಂತ್ರದ್ದಲ್ಲ ಎನ್ನಿಸಿತು. ಷಡ್ಜದಲ್ಲಿ ನಿಂತಾಗ ಉಸಿರು ತುಸು ಸಡಿಲವಾಗುವುದು ಕೂಡ ಗೊತ್ತಾಗುತ್ತದೆ. ಆದರೆ ಅವರು ಕೂತಿರುವುದು ನನ್ನ ತಲೆಯೊಳಗೆ, ಹುಬ್ಬುಗಳ ಹಿಂದೆ. ಮೃದಂಗ ಎಡಗಿವಿಯ ಹತ್ತಿರ, ಪಿಟೀಲು ಬಲಗಿವಿಯ ಹತ್ತಿರ, ನಡುನಡುವೆ ಖಾಲಿ. ಘಟ ಮೃದಂಗದ ಹಿಂದೆ ಇಲ್ಲ, ಅದರ ಮೈಮೇಲೇ ಕೂತಿದೆ.

ಬ್ರೂಕ್ಲಿನ್ನಿನ ಗ್ರಾಡೊ ಎಸ್‌ಆರ್ 60 ಎಲ್ಲರನ್ನೂ ಇನ್ನೂ ಹತ್ತಿರಕ್ಕೆ ಎಳೆಯಿತು. ಪಿಟೀಲಿನ ಬಿಲ್ಲು ತಂತಿಯನ್ನು ಕಚ್ಚುವುದು ಅಷ್ಟು ಚೆನ್ನಾಗಿ ಬೇರೆ ಯಾವುದರಲ್ಲೂ ಕೇಳಿಸಲಿಲ್ಲ, ಆದರೆ ವೇದಿಕೆ ಎಂಬುದೇ ಉಳಿಯಲಿಲ್ಲ. ಬೇಯರ್‌ಡೈನಮಿಕ್ ಡಿಟಿ 770 ಹಿಂಬದಿ ಮುಚ್ಚಿದ ಕ್ಲೋಸ್ಡ್ ಬ್ಯಾಕ್ ಆದರೂ ತಕ್ಕಮಟ್ಟಿಗೆ ಅಗಲ ಕೊಟ್ಟಿತು. ಮೃದಂಗದ ಎಡಮುಖವಾದ ತೊಪ್ಪಿ ತುಂಬಿಕೊಂಡು ಬಂತು. ಆಮೇಲೆ, ಹೆಡ್‌ಫೋನ್ ಪ್ರಿಯರು ಭಕ್ತಿಯಿಂದ ಹೆಸರು ಹೇಳುವ ಎಚ್‌ಡಿ 800. 2009ರಲ್ಲಿ ಬಂದ ಇದರಲ್ಲಿ ಸದ್ದು ಹೊರಡಿಸುವ 56 ಮಿಲಿಮೀಟರಿನ ಉಂಗುರಾಕಾರದ ಡ್ರೈವರು ಕಿವಿಯಿಂದ ದೂರ, ಮುಂದಿನಿಂದ ಓರೆಯಾಗಿ ಕೂತಿರುತ್ತದೆ. ಒಮ್ಮೆಲೇ ಎಲ್ಲ ಬಿಡಿಬಿಡಿಯಾಯಿತು. ಘಟ ಮೃದಂಗದಿಂದ ಬೇರೆಯಾಯಿತು. ತಂಬೂರಿ ಹಿಂದಕ್ಕೆ ಹೋಯಿತು. ಜೊತೆಗೆ ಸರಸ್ವತಿಪುರಂನ ಹಜಾರ ಚೌಡಯ್ಯ ಸ್ಮಾರಕ ಭವನದಷ್ಟು ದೊಡ್ಡದಾಯಿತು! ಆ ಹಜಾರದಲ್ಲಿ ನಲವತ್ತು ಜನ ಕೂತರೆ ಕಾಲು ಚಾಚಲು ಜಾಗವಿಲ್ಲ. ನನಗೆ ಅನುಮಾನ ಬಲವಾದದ್ದು ಇಲ್ಲಿ. ಈ ಅಗಲ ಧ್ವನಿಮುದ್ರಣದ್ದಲ್ಲ, ಹೆಡ್‌ಫೋನೇ ಸೇರಿಸಿದ್ದು.

ಅದು ಹೇಗೆ ಸಾಧ್ಯ ಎನ್ನುವುದಕ್ಕೆ ಕಿವಿಯ ಕೆಲಸ ನೋಡಬೇಕು. ಎಡದಲ್ಲಿರುವ ಮೃದಂಗದ ಸದ್ದು ಎಡಗಿವಿಗೆ ಮೊದಲು ಮುಟ್ಟಿ, ತಲೆಯನ್ನು ಬಳಸಿ ಬಲಗಿವಿಗೆ ತುಸು ತಡವಾಗಿ ಹೋಗುತ್ತದೆ. ಪೂರ್ತಿ ಪಕ್ಕದಿಂದ ಬಂದ ಸದ್ದಿಗೂ ಈ ತಡ ಒಂದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಕಡಿಮೆ. ಹೆಚ್ಚು ಕಂಪನದ ಸದ್ದಾದರೆ ತಲೆಯೇ ಅಡ್ಡಬಂದು ಅದನ್ನು ತಗ್ಗಿಸುತ್ತದೆ. ಇವೆರಡನ್ನೂ ಸೇರಿಸಿ ಭೌತವಿಜ್ಞಾನಿ ಲಾರ್ಡ್ ರೇಲಿ 1907ರಲ್ಲೇ ವಿವರಿಸಿದ್ದ. ಎಡ, ಬಲ ಇದರಿಂದ ಗೊತ್ತಾಗುತ್ತದೆ. ಎದುರು, ಹಿಂದೆ, ಮೇಲೆ ಎನ್ನುವುದನ್ನು ಹೇಳಿಕೊಡುವುದು ಹೊರಗಿವಿಯ ಮಡಿಕೆಗಳು. ಒಬ್ಬೊಬ್ಬರ ಕಿವಿಯ ಮಡಿಕೆ ಒಂದೊಂದು ಥರ. ಹಾಗಾಗಿಯೇ ಒಬ್ಬರಿಗೆ ಎದುರು ಕೇಳಿಸಿದ್ದು ಇನ್ನೊಬ್ಬರಿಗೆ ಕೇಳಿಸದೆ ಹೋಗಬಹುದು. ಮಾಮೂಲಿ ಹೆಡ್‌ಫೋನು ಎಡದ ಸದ್ದನ್ನು ಎಡಗಿವಿಯಲ್ಲೇ ಕೂಡಿಹಾಕುತ್ತದೆ, ಮಡಿಕೆಗಳಿಗೂ ಕೆಲಸ ಕೊಡುವುದಿಲ್ಲ. ನೀವು ತಲೆ ತಿರುಗಿಸಿದರೆ ಇಡೀ ಕಛೇರಿಯೂ ನಿಮ್ಮ ಜೊತೆ ತಿರುಗುತ್ತದೆ. ಲೋಕದಲ್ಲಿ ಹಾಗೆ ನಡೆಯುವುದಿಲ್ಲವಲ್ಲ. ಆದ್ದರಿಂದ ಮೆದುಳು ಸದ್ದನ್ನು ತಲೆಯೊಳಗೇ ಕೂರಿಸುತ್ತದೆ.

ಇನ್ನು ಸ್ವರದ ಸಮತೋಲ. ಎರಡು-ಮೂರು ಕಿಲೋಹರ್ಟ್ಸ್ ಸುತ್ತಮುತ್ತ ಸ್ವಲ್ಪ ತಗ್ಗಿದರೆ ಕಂಠ ದೂರ ಸರಿದಂತೆ, ಏರಿದರೆ ಮುಖದ ಮೇಲೆ ಬಂದಂತೆ ಕೇಳಿಸುತ್ತದೆ. ಗ್ರಾಡೊದ ಆತ್ಮೀಯತೆ, ಎಚ್‌ಡಿ 800ರ ವೈಶಾಲ್ಯ ಎರಡರಲ್ಲೂ ಇದರ ಪಾಲು ದೊಡ್ಡದು. ಎಚ್‌ಡಿ 800ರಲ್ಲಿ ಆರು ಕಿಲೋಹರ್ಟ್ಸ್ ಹತ್ತಿರ ಒಂದು ಚೂಪಾದ ಏರು ಬೇರೆ ಇದೆ. ಮುಂದೆ ಬಂದ ‘ಎಸ್’ ಮಾದರಿಯಲ್ಲಿ ಕಂಪನಿಯೇ ಅದನ್ನು ಹದಕ್ಕೆ ತಂದಿತು.

ಎರಡು ಕಿವಿಗೆ ಎರಡು ಬೇರೆ ಸದ್ದು ಕೊಡುವ ಯೋಚನೆ ಹೊಸದೇನಲ್ಲ. 1881ರ ಪ್ಯಾರಿಸ್ ವಿದ್ಯುತ್ ಪ್ರದರ್ಶನದಲ್ಲಿ ಎಂಜಿನಿಯರ್ ಕ್ಲೆಮಾಂ ಅದೇರ್ ಒಪೆರಾ ವೇದಿಕೆಯಿಂದ ಟೆಲಿಫೋನ್ ತಂತಿ ಎಳೆದು, ಜನರ ಎರಡು ಕಿವಿಗೂ ಒಂದೊಂದು ರಿಸೀವರ್ ಹಿಡಿಸಿದ್ದ. ಹಾಡುವವರು ವೇದಿಕೆಯ ಮೇಲೆ ಆಚೆಗೆ ಈಚೆಗೆ ಓಡಾಡುವುದು ಕೇಳುವವರಿಗೆ ತಿಳಿಯುತ್ತಿತ್ತು. 1958ರಲ್ಲಿ ಮಿಲ್ವಾಕಿಯ ಜಾನ್ ಕಾಸ್ ಸ್ಟೀರಿಯೊ ಹೆಡ್‌ಫೋನನ್ನು ಮನೆಗೆ ತಂದ. 1968ರಲ್ಲಿ ಸೆನ್‌ಹೈಸರ್ ಎಚ್‌ಡಿ 414 ಹಳದಿ ಸ್ಪಂಜಿನೊಂದಿಗೆ ಓಪನ್ ಬ್ಯಾಕ್ ದಾರಿ ತೆರೆಯಿತು, 1979ರ ವಾಕ್‌ಮನ್ ಹೆಡ್‌ಫೋನನ್ನು ಬೀದಿಗೆ ತಂದಿತು.

ಕೊನೆಗೆ ಯಜಮಾನರು ಮರದ ಪೆಟ್ಟಿಗೆಯೊಂದನ್ನು ತೆರೆದರು. ಆಗ ವಿಯೆನ್ನಾದಲ್ಲಿದ್ದ ಎಕೆಜಿ ಕಂಪನಿಯ ಕೆ 1000. 1990ರ ಆಸುಪಾಸಿನಲ್ಲಿ ಬಂದು, ಈಗ ತಯಾರಾಗದ ವಸ್ತು. ಇದನ್ನು ಹೆಡ್‌ಫೋನು ಎನ್ನಲು ಕೂಡ ನಾಲಿಗೆ ತಡೆಯುತ್ತದೆ. ಕಿವಿಯನ್ನು ಮುಚ್ಚುವ ಮೆತ್ತೆ ಇಲ್ಲ. ಕಪೋಲದ ಮೇಲ್ಭಾಗಕ್ಕೆ, ಕಣತಲೆಗೆ ಒತ್ತುವ ಪುಟ್ಟ ದಿಂಬುಗಳಷ್ಟೇ ಇಡೀ ಚೌಕಟ್ಟನ್ನು ಹೊರುತ್ತವೆ. ಎರಡೂ ಬದಿಗೆ ಜಾಲರಿ ಹೊದೆಸಿದ ಫಲಕಗಳು ಕಿವಿಯನ್ನು ಮುಟ್ಟದೆ ತೂಗುತ್ತವೆ. ಬಾಗಿಲಿನಂತೆ ಅವಕ್ಕೆ ಮುಂದುಗಡೆ ತಿರುಗಣಿ. ಹಿಂದುಗಡೆ ಬೇಕಾದಷ್ಟು ತೆರೆದುಕೊಳ್ಳಬಹುದು. 120 ಓಮ್, ಒಂದು ಮಿಲಿವಾಟಿಗೆ 74 ಡೆಸಿಬೆಲ್. ಮೊಬೈಲಿಗೆ ಸಿಕ್ಕಿಸಿದರೆ ಸೊಳ್ಳೆಯ ದನಿಯೂ ಬಾರದು. ಯಜಮಾನರು ಅದನ್ನು ಸ್ಪೀಕರಿಗೆ ಹೋಗುವ ಆಂಪ್ಲಿಫೈಯರಿಗೇ ಜೋಡಿಸಿದ್ದರು.

ಫಲಕಗಳು ಮುಚ್ಚಿದ್ದಾಗ ಅಂಥ ವಿಶೇಷವೇನೂ ಇರಲಿಲ್ಲ. ಯಜಮಾನರು ನನ್ನ ಹಿಂದೆ ನಿಂತು, ಎರಡೂ ಕೈಯಿಂದ ಮೆಲ್ಲಗೆ ತೆರೆಯತೊಡಗಿದರು. ಗಾಯಕಿ ಮೊದಲು ಹಣೆಗೆ ಬಂದರು, ಇನ್ನಷ್ಟು ತೆರೆದಾಗ ಹಣೆಯಿಂದ ಹೊರಗೆ. “ಅಲ್ಲೇ ನಿಲ್ಲಿಸಿ ಸಾರ್!” ಎಂದು ಕೂಗಿಬಿಟ್ಟೆ. ಕಂಠ ನನ್ನೆದುರಿಗೆ ಒಂದು ಮೊಳ ದೂರದಲ್ಲಿ ನಿಂತಿತ್ತು. ಪಿಟೀಲಿನವರು ಅವರ ಮಗ್ಗುಲಿಗೆ, ಕಿವಿಯಲ್ಲಲ್ಲ. ಮೃದಂಗದ ಹಿಂದೆ ಘಟ, ಫೋಟೊದಲ್ಲಿದ್ದಷ್ಟೇ ಹಿಂದೆ. ಯಾರೋ “ಭೇಷ್” ಎಂದದ್ದು ಕೂಡ ಈ ಕೋಣೆಯಲ್ಲೇ ಅಂದಂತಿತ್ತು. ತೆರೆದ ಫಲಕದ ಸದ್ದು ಮುಂದಿನಿಂದ ಬಂದು ಕಿವಿಯ ಮಡಿಕೆಗಳನ್ನು ಸವರುತ್ತದೆ, ಎಡದ್ದು ಒಂದಿಷ್ಟು ಬಲಗಿವಿಗೂ ಸೋರುತ್ತದೆ. ನಷ್ಟವೂ ಇದೆ. ಫಲಕದ ಮುಂದಿನ ಅಲೆ, ಹಿಂದಿನ ಅಲೆ ಒಂದನ್ನೊಂದು ಅಳಿಸುವುದರಿಂದ ತೊಪ್ಪಿಯ ಗುಮ್ಮು ಬಡವಾಗುತ್ತದೆ. ಡಿಟಿ 770 ಕೊಟ್ಟ ತೂಕ ಇಲ್ಲಿ ಇಲ್ಲ. ನಾನು ಆ ನಷ್ಟವನ್ನು ಸಂತೋಷದಿಂದ ಒಪ್ಪುತ್ತೇನೆ.

ನಮ್ಮ ಕಛೇರಿ ಬೇಡುವುದು ಇದನ್ನೇ. ಅಲ್ಲಿ ನೂರು ವಾದ್ಯಗಳ ವೃಂದವಿಲ್ಲ; ಹಾಡುವವರು ಕೇಳುವವರ ಮುಖ ನೋಡಿಕೊಂಡು ಕೂರುತ್ತಾರೆ. ಅವರನ್ನು ಎದುರಿಗೆ ತಂದು ಕೂರಿಸುವ ಹೆಡ್‌ಫೋನು ಕಿರಿದಾದ ವೇದಿಕೆ ಕೊಟ್ಟರೂ ಸರಿ. ಯಾರು ಯಾವ ಪಕ್ಕ ಎನ್ನುವುದಕ್ಕೂ ಇಲ್ಲಿ ಕಾರಣವಿದೆ. ಮೃದಂಗದ ಬಲಮುಖ ಸಭೆಯ ಕಡೆ ತಿರುಗಿರಬೇಕು, ಅದಕ್ಕಾಗಿ ಮೃದಂಗದವರು ಗಾಯಕರ ಬಲಕ್ಕೆ ಕೂರುವುದು. ಮೃದಂಗ ವಿದ್ವಾಂಸ ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರು ಎಡಗೈಯವರು. ಅವರು ನುಡಿಸುವಾಗ ಮೃದಂಗ, ಪಿಟೀಲುಗಳ ಜಾಗ ಅದಲುಬದಲು ಆಗಬೇಕಿತ್ತು, ಅದನ್ನು ಎಲ್ಲ ಪಿಟೀಲು ವಿದ್ವಾಂಸರೂ ಒಪ್ಪುತ್ತಿರಲಿಲ್ಲ. ಆ ಕಾಲದ ಧ್ವನಿಮುದ್ರಣಗಳು ಮೊನೊ. ಯಾರು ಎಡ, ಯಾರು ಬಲ ಎಂದು ಇಂದು ಯಾವ ಹೆಡ್‌ಫೋನೂ ಹೇಳಲಾರದು.

ಈಗಿನ ಸ್ಟೀರಿಯೊ ಆಲ್ಬಮ್ಮುಗಳದ್ದು ಬೇರೆ ತೊಂದರೆ. ಮೃದಂಗಕ್ಕೆ ಎರಡು ಮೈಕು ಇಟ್ಟು, ಒಂದನ್ನು ಪೂರಾ ಎಡಕ್ಕೆ, ಇನ್ನೊಂದನ್ನು ಪೂರಾ ಬಲಕ್ಕೆ ಹಾಕಿರುವುದನ್ನು ಎಷ್ಟೋ ಕಡೆ ಕೇಳಿದ್ದೇನೆ. ಸ್ಪೀಕರಿನಲ್ಲಿ ಅಷ್ಟಾಗಿ ತಿಳಿಯದು; ಹೆಡ್‌ಫೋನಿನಲ್ಲಿ ತನಿ ಆವರ್ತನ ಬಂತೆಂದರೆ ಬಲಮುಖ ಒಂದು ಕಿವಿಯಲ್ಲಿ, ತೊಪ್ಪಿ ಇನ್ನೊಂದರಲ್ಲಿ, ನಡುವೆ ಗಾಯಕರು ಮೃದಂಗದ ಹೊಟ್ಟೆಯೊಳಗೆ. ತಲೆ ತಿರುಗಿಸಿದರೂ ಹಾಡುವವರನ್ನು ನಿಂತಲ್ಲೇ ನಿಲ್ಲಿಸುವ ಹೊಸ ಇಯರ್‌ಫೋನುಗಳು ಬಂದಿವೆ. ಇಂಥ ಮಿಶ್ರಣವನ್ನು ಅವೂ ನೆಟ್ಟಗೆ ಮಾಡಲಾರವು.

ನಮ್ಮ ಸಂಗೀತ ಸಭೆಗಳು ಹೇಗೂ ಕಛೇರಿಗಳನ್ನು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡುತ್ತಿವೆ. ಒಬ್ಬೊಬ್ಬರ ಮುಂದಿನ ಮೈಕು ಇದ್ದುಕೊಳ್ಳಲಿ. ಅವುಗಳ ಜೊತೆಗೆ ವೇದಿಕೆಯ ಅಂಚಿನಲ್ಲಿ ಒಂದು ಸ್ಟ್ಯಾಂಡು, ಅದರ ಮೇಲೆ 17 ಸೆಂಟಿಮೀಟರ್ ಅಂತರದಲ್ಲಿ ಎರಡು ಮೈಕು, ಸಣ್ಣದೊಂದು ರೆಕಾರ್ಡರು ಇಟ್ಟು, ಆ ಧ್ವನಿಯನ್ನು ಬೇರೆ ಕಡತವಾಗಿ ಉಳಿಸಿಕೊಳ್ಳಲಿ. ಹೆಡ್‌ಫೋನಿನಲ್ಲಿ ಕೇಳುವವರಿಗೆ ಅದನ್ನೇ ಕೊಡಲಿ.